ಬಂದೂಕು ತಯಾರಿಕೆ: ಗುಣಮಟ್ಟ ನಿಯಂತ್ರಣ ಮತ್ತು ಗ್ರಾಹಕ ಸೇವೆ

ಪಿಸ್ತೂಲು, ರಿವಾಲ್ವರ್, ರೈಫಲ್, ಚರೆಕೋವಿ ಮೊದಲಾದ ಬಂದೂಕುಗಳು ಕಾರ್ಖಾನೆಯಿಂದ ಹೊರಬೀಳುವ ಮೊದಲು ಹಾದುಹೋಗಬೇಕಾದ ಅಳತೆ, ಪರೀಕ್ಷೆ, ತಪಾಸಣೆಗಳಿಗೆ ಗುಣಮಟ್ಟ ನಿಯಂತ್ರಣವೆಂದು ಹೆಸರು. ಮಾರಾಟವಾದ ಮೇಲೆ ಕಾಣಿಸಿಕೊಂಡ ದೋಷವನ್ನು ತಯಾರಕರು ಸರಿಪಡಿಸಿಕೊಡುವ, ಬದಲಿಸಿಕೊಡುವ ಅಥವಾ ಮಾರಿದ ಸರಕನ್ನೇ ಹಿಂದಕ್ಕೆ ಕರೆಸಿಕೊಳ್ಳುವ ಏರ್ಪಾಡು ಗ್ರಾಹಕ ಸೇವೆ. ಬೇರೆ ಸರಕುಗಳಲ್ಲಿ ಇವೆರಡು ಬೇರೆ ಬೇರೆ ವಿಭಾಗಗಳ ಕೆಲಸ. ಬಂದೂಕಿನಲ್ಲಿ ಮಾತ್ರ ಹಲವು ಸಲ ಎರಡನೆಯದೇ ಮೊದಲನೆಯದರ ಕೊನೆಯ ಹಂತವಾಗಿಬಿಟ್ಟಿದೆ.

ರೈಫಲ್ಲಿನ ತೋಟಾ ಹಾರಿದಾಗ ಅದು ಕೂತ ಚೇಂಬರಿನೊಳಗೆ ಉಂಟಾಗುವ ಒತ್ತಡ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಮೂರು ನಾಲ್ಕು ಸಾವಿರ ಪಟ್ಟು. ಅದು ಉಂಟಾಗುವುದು ಹಾರಿಸುವವನ ಕೆನ್ನೆಯಿಂದ ಗೇಣುದ್ದ ದೂರದಲ್ಲಿ. ಹಾಗಾಗಿ ಬಂದೂಕಿನ ದೋಷಗಳಲ್ಲಿ ಮೂರು ಮುಖ್ಯ: ಹಾರಬೇಕಾದಾಗ ಹಾರದಿರುವುದು, ಹಾರಬಾರದಾಗ ಹಾರುವುದು, ಬಂದೂಕೇ ಸಿಡಿಯುವುದು. ಮೂರನೆಯದಕ್ಕೆ ಪರಿಹಾರವನ್ನು ಜಗತ್ತು ಬಹಳ ಹಿಂದೆಯೇ ಕಂಡುಕೊಂಡಿತು. ಮೊದಲನೆಯದನ್ನು ಸೇನೆಗಳು ರಕ್ತ ತೆತ್ತು ಕಲಿತವು. ಎರಡನೆಯದು ಇಂದಿಗೂ ನ್ಯಾಯಾಲಯಗಳಲ್ಲಿದೆ. ಮೂರರ ಇತಿಹಾಸದಲ್ಲೂ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ ಒಂದೇ: ತಯಾರಾದ ಬಂದೂಕನ್ನು ನೋಡಿ ‘ಇದು ಆಗದು’ ಎಂದು ತಿರಸ್ಕರಿಸುವ ಅಧಿಕಾರ ಯಾರ ಕೈಯಲ್ಲಿದೆ?

ನಳಿಗೆಯ ಪರೀಕ್ಷೆ

ಈ ಅಧಿಕಾರವನ್ನು ತಯಾರಕರ ಕೈಯಿಂದ ತೆಗೆದು ಮೂರನೆಯವರಿಗೆ ಕೊಟ್ಟದ್ದು ಯುರೋಪಿನ ಪ್ರೂಫ್ ಹೌಸ್ ಎಂಬ ಪರೀಕ್ಷಾಲಯಗಳ ಹೆಚ್ಚುಗಾರಿಕೆ. ಲಂಡನ್ನಿನ ಬಂದೂಕು ತಯಾರಕರ ಸಂಘಕ್ಕೆ 1637ರಲ್ಲಿ ದೊರೆ ಮೊದಲನೆಯ ಚಾರ್ಲ್ಸ್ ಪರೀಕ್ಷೆಯ ಅಧಿಕಾರದ ಸನದು ಕೊಟ್ಟ. ಈಗಿನ ಬೆಲ್ಜಿಯಮಿನ ಲಿಯೇಜ್ ನಗರದಲ್ಲಿ 1672ರಲ್ಲಿ ನಳಿಗೆಗಳ ಪರೀಕ್ಷೆ ಕಡ್ಡಾಯವಾಯಿತು. ಬರ್ಮಿಂಗ್‌ಹ್ಯಾಮಿನ ಪ್ರೂಫ್ ಹೌಸ್ 1813ರಲ್ಲಿ ಸಂಸತ್ತಿನ ಕಾಯಿದೆಯಿಂದ ಹುಟ್ಟಿತು. ಕಳಪೆ ನಳಿಗೆ ಮಾರುವ ಒಬ್ಬನಿಂದ ಇಡೀ ಊರಿನ ಹೆಸರು ಕೆಡುತ್ತದೆ ಎಂಬ ಭಯ ಒಳ್ಳೆಯ ಕಸುಬುದಾರರಿಗೇ ಇತ್ತು. ಆದ್ದರಿಂದ ಈ ಕಾನೂನನ್ನು ಬೇಡಿದವರಲ್ಲಿ ತಯಾರಕರೂ ಸೇರಿದ್ದರು.

ವಿಧಾನದ ತಿರುಳು ಸರಳ. ಸಾಮಾನ್ಯ ತೋಟಾಕ್ಕಿಂತ ಬೇಕೆಂದೇ ಹೆಚ್ಚಿನ ಒತ್ತಡ ಕೊಡುವ ತೋಟಾ ತುಂಬಿ, ಬಂದೂಕನ್ನು ಕಟ್ಟಿಹಾಕಿ, ಮರೆಯಲ್ಲಿ ನಿಂತು ಹಾರಿಸುತ್ತಾರೆ. ಆಮೇಲೆ ನಳಿಗೆ ಎಲ್ಲಾದರೂ ಉಬ್ಬಿದೆಯೇ, ಬಿರುಕು ಬಿಟ್ಟಿದೆಯೇ, ಕೀಲುಗಳು ಸಡಿಲಾಗಿವೆಯೇ ಎಂದು ನೋಡುತ್ತಾರೆ. ಪಾಸಾದರೆ ಮುದ್ರೆ ಒತ್ತುತ್ತಾರೆ. ಬ್ರಿಟನ್ನಿನಲ್ಲಿ ಮುದ್ರೆಯಿಲ್ಲದ ಬಂದೂಕನ್ನು ಮಾರುವುದು ಅಪರಾಧ, ಮಾರುವವನು ತಯಾರಕನಾಗಿರಲಿ, ಹಳೆಯ ಕೋವಿಯನ್ನು ಬಿಸಾಡಲು ಮನಸ್ಸಿಲ್ಲದ ಮನೆಯವನಾಗಿರಲಿ. ಜೋಡುನಳಿಗೆ ಕೋವಿಯ ನಳಿಗೆಗಳನ್ನು ಬಿಚ್ಚಿ ಬುಡ ತಿರುಗಿಸಿದರೆ ಕಾಣುವ ಕಿರೀಟ, ಅಕ್ಷರಗಳೆಲ್ಲ ಈ ಪರೀಕ್ಷೆಗಳ ದಾಖಲೆ. ಕಪ್ಪು ಮದ್ದಿಗೆ ಮಾತ್ರ ಪರೀಕ್ಷಿಸಿದ ಕೋವಿಗೂ ಹೊಗೆರಹಿತ ಮದ್ದಿಗೆ ಪರೀಕ್ಷಿಸಿದ ಕೋವಿಗೂ ಮುದ್ರೆ ಬೇರೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮದ್ದು ಬದಲಾದಾಗ ಹಳೆಯ ಡಮಾಸ್ಕಸ್ ನಳಿಗೆಗಳು ಅಪಾಯಕ್ಕೆ ಸಿಕ್ಕಿದವು. ನೋಡಲು ಬಲು ಚಂದದ ಆ ಸುರುಳಿ ನಕ್ಷೆಯ ನಳಿಗೆಯಲ್ಲಿ ಇಂದಿನ ತೋಟಾ ಹಾಕಬಹುದೇ ಎಂಬ ಪ್ರಶ್ನೆಗೆ ಉತ್ತರ ನಕ್ಷೆಯಲ್ಲಿಲ್ಲ, ಬುಡದ ಮುದ್ರೆಯಲ್ಲಿದೆ.

ಬೇರೆ ಬೇರೆ ದೇಶಗಳ ಮುದ್ರೆಗಳನ್ನು ಪರಸ್ಪರ ಒಪ್ಪಿಕೊಳ್ಳುವ ಏರ್ಪಾಡು 1914ರಲ್ಲಿ ಲಿಯೇಜ್‌ನಲ್ಲಿ ಶುರುವಾಯಿತು. ಸಿ.ಐ.ಪಿ. ಎಂದು ಕರೆಯುವ ಈ ಅಂತಾರಾಷ್ಟ್ರೀಯ ಆಯೋಗದ ಸದಸ್ಯ ದೇಶಗಳಲ್ಲಿ ನಾಗರಿಕರಿಗೆ ಮಾರುವ ಪ್ರತಿಯೊಂದು ಬಂದೂಕೂ ಸರ್ಕಾರ ಒಪ್ಪಿದ ಪ್ರೂಫ್ ಹೌಸ್‌ಗೆ ಹೋಗಿ ಬರಲೇಬೇಕು. ರೈಫಲ್‌ಗಳಿಗೆ ಗರಿಷ್ಠ ಒತ್ತಡಕ್ಕಿಂತ ಶೇಕಡಾ 25, ಪಿಸ್ತೂಲು ರಿವಾಲ್ವರುಗಳಿಗೆ ಶೇಕಡಾ 30 ಹೆಚ್ಚಿನ ಒತ್ತಡದ ತೋಟಾದಿಂದ ಪರೀಕ್ಷೆ. ಅಮೆರಿಕ ಈ ಆಯೋಗದಲ್ಲಿ ಇಲ್ಲ, ಭಾರತವೂ ಇಲ್ಲ. ಅಮೆರಿಕದಲ್ಲಿ ಅಳತೆ ಮತ್ತು ಒತ್ತಡದ ಮಾನದಂಡಗಳನ್ನು ಗೊತ್ತುಮಾಡುವುದು ತಯಾರಕರೇ ಸೇರಿ 1926ರಲ್ಲಿ ಕಟ್ಟಿಕೊಂಡ ಸಾಮಿ ಎಂಬ ಸಂಸ್ಥೆ. ಅದರ ಮಾನದಂಡಗಳನ್ನು ಪಾಲಿಸುವುದು ಅವರವರ ಇಚ್ಛೆ. ಹೆಸರುವಾಸಿ ಕಂಪನಿಗಳೆಲ್ಲ ಪಾಲಿಸುತ್ತವೆ ಎಂಬುದು ನಿಜ. ಪಾಲಿಸದವನ ಸರಕನ್ನು ತಡೆಯುವ ಮೂರನೆಯ ಕೈ ಮಾತ್ರ ಅಲ್ಲಿಲ್ಲ.

ಕಾರ್ಖಾನೆಯೊಳಗೆ

ಪ್ರೂಫ್ ಪರೀಕ್ಷೆ ಹೇಳುವುದು ಬಂದೂಕು ಸಿಡಿಯಲಿಲ್ಲ ಎಂಬುದನ್ನಷ್ಟೇ. ಗುರಿ ಸರಿಯಿದೆಯೇ, ಚೇಂಬರನ್ನು ಹಿಂದಿನಿಂದ ಮುಚ್ಚುವ ಬೋಲ್ಟ್ ಹತ್ತು ಸಾವಿರದನೆಯ ತೋಟಾಕ್ಕೂ ತಾಳುತ್ತದೆಯೇ ಎಂಬುದಕ್ಕೆ ಬೇರೆ ದಾರಿ ಬೇಕು. ಬೋಲ್ಟಿನ ಮುಖಕ್ಕೂ ತೋಟಾ ಮುಂದೆ ಸರಿಯದಂತೆ ಚೇಂಬರಿನಲ್ಲಿ ಅದನ್ನು ತಡೆಯುವ ಜಾಗಕ್ಕೂ ನಡುವಿನ ಅಂತರವನ್ನು ಹೆಡ್‌ಸ್ಪೇಸ್ ಎನ್ನುತ್ತಾರೆ. ಇದನ್ನು ಅಳೆಯಲು ಉಕ್ಕಿನ ಎರಡು ಗೇಜುಗಳಿವೆ. ಒಂದರ ಮೇಲೆ ಬೋಲ್ಟ್ ಮುಚ್ಚಲೇಬೇಕು, ಇನ್ನೊಂದರ ಮೇಲೆ ಮುಚ್ಚಲೇಬಾರದು. ಬಳಕೆಯಲ್ಲಿ ಸವೆದ ಬಂದೂಕಿಗೆ ಮೂರನೆಯದೊಂದು ಗೇಜು. ಅದರ ಮೇಲೂ ಬೋಲ್ಟ್ ಮುಚ್ಚಿಕೊಂಡರೆ ಆ ಬಂದೂಕನ್ನು ಬದಿಗಿಡಬೇಕು. ಕಣ್ಣಿಗೆ ಕಾಣದ ಬಿರುಕುಗಳಿಗೆ ಕಾಂತೀಯ ಪರೀಕ್ಷೆ: ಭಾಗಕ್ಕೆ ಕಾಂತತ್ವ ಕೊಟ್ಟು ಕಬ್ಬಿಣದ ಸಣ್ಣ ಕಣಗಳ ದ್ರವ ಹಾಯಿಸಿದರೆ ಬಿರುಕಿನ ಗೆರೆಯುದ್ದಕ್ಕೂ ಕಣಗಳು ಕೂಡುತ್ತವೆ. ಅಮೆರಿಕದ ಸೇನಾ ರೈಫಲ್‌ಗಳ ಬೋಲ್ಟಿನ ಮೇಲೆ ಕಾಣುವ ‘ಎಂ.ಪಿ.’ ಎಂಬ ಅಕ್ಷರ ಈ ಪರೀಕ್ಷೆಯ ಗುರುತು. ಪ್ರತಿ ಬೋಲ್ಟನ್ನೂ ಪರೀಕ್ಷಿಸಿದ್ದೇ, ನೂರಕ್ಕೊಂದನ್ನು ಆರಿಸಿ ಪರೀಕ್ಷಿಸಿದ್ದೇ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಬೆಲೆಯ ವ್ಯತ್ಯಾಸದ ಒಂದು ಪಾಲು ಇರುವುದು ಇಲ್ಲಿಯೇ.

ಕಾರ್ಖಾನೆಯ ಗುಣಮಟ್ಟದ ಪಾಠಗಳಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದ್ದು ಎಲ್ಲಕ್ಕಿಂತ ದೊಡ್ಡದು. 1794ರಲ್ಲಿ ಸ್ಥಾಪನೆಯಾದ ಈ ಸರ್ಕಾರಿ ಕಾರ್ಖಾನೆ ಒಂದು ಬಂದೂಕಿನ ಭಾಗ ಇನ್ನೊಂದಕ್ಕೆ ಕೂರುವಂತೆ ಗೇಜು ಹಿಡಿದು ತಯಾರಿಸುವ ಪದ್ಧತಿಯನ್ನು ಬೆಳೆಸಿದ ಕಡೆಗಳಲ್ಲೊಂದು. ಅಂಥಲ್ಲಿ ತಯಾರಾದ 1903ರ ಮಾದರಿಯ ರೈಫಲ್‌ಗಳು 1917ರಲ್ಲಿ, ದೇಶ ಮಹಾಯುದ್ಧಕ್ಕೆ ಇಳಿದ ಹೊತ್ತಿನಲ್ಲೇ, ಒಡೆಯತೊಡಗಿದವು. ತೋಟಾದ ಹಿತ್ತಾಳೆ ಕೆಲವೆಡೆ ಮೆದುವಾಗಿದ್ದದ್ದು ನೆಪವಾಯಿತು, ಆದರೆ ಬೋಲ್ಟನ್ನು ಹಿಡಿದಿಡುವ ರಿಸೀವರ್ ಎಂಬ ಭಾಗ ಬಾಗದೆ ಗಾಜಿನಂತೆ ಚೂರಾಗಲು ಬೇರೆ ಕಾರಣ ಇರಬೇಕಿತ್ತು. ವಿಚಾರಣೆಯಲ್ಲಿ ತಿಳಿದದ್ದು ಇಷ್ಟು: ಕುಲುಮೆಯಲ್ಲಿ ಕಾದ ಉಕ್ಕಿನ ಶಾಖವನ್ನು ಅನುಭವಸ್ಥ ಕೆಲಸಗಾರರು ಬಣ್ಣ ನೋಡಿ ಅಂದಾಜಿಸುತ್ತಿದ್ದರು. ಮೋಡದ ದಿನ ಸರಿಯಾಗಿ ಕಂಡ ಕೆಂಪು, ಬಿಸಿಲು ಬಿದ್ದ ದಿನ ಮಂಕಾಗಿ ಕಾಣುತ್ತಿತ್ತು, ಅದಕ್ಕೆ ಇನ್ನಷ್ಟು ಕಾಯಿಸುತ್ತಿದ್ದರು. ವ್ಯತ್ಯಾಸ 300 ಡಿಗ್ರಿ ಫ್ಯಾರನ್‌ಹೀಟ್‌ವರೆಗೂ ಹೋಗುತ್ತಿತ್ತು. ಸುಟ್ಟ ಉಕ್ಕು ಗಡಸಾಗಿ ಕಂಡರೂ ಒಳಗೆ ತಾಳುವ ಗುಣ ಕಳೆದುಕೊಂಡಿತ್ತು. ತಾಪಮಾಪಕ ಅಳವಡಿಸಿದರು, ಎರಡು ಹಂತದಲ್ಲಿ ಹದ ಕೊಡುವ ಕ್ರಮ ತಂದರು, ಸುಮಾರು 8,00,000ನೆಯ ಕ್ರಮಸಂಖ್ಯೆಯಿಂದಾಚೆ ತೊಂದರೆ ನಿಂತಿತು. ಅದಕ್ಕೆ ಹಿಂದಿನವುಗಳ ಗತಿ? ಎಲ್ಲವನ್ನೂ ಒಟ್ಟಿಗೆ ಹಿಂಪಡೆಯಲಿಲ್ಲ. ದುರಸ್ತಿಗೆ ಬಂದಾಗ ಮಾತ್ರ ತೆಗೆದುಹಾಕುವುದೆಂದು ತೀರ್ಮಾನಿಸಿದರು, ಅನೇಕವು ಬಳಕೆಯಲ್ಲೇ ಉಳಿದವು. ಹಳೆಯ ಬಂದೂಕು ಸಂಗ್ರಹಿಸುವವರು ಇಂದಿಗೂ ಈ ರೈಫಲ್ ಕೈಗೆತ್ತಿಕೊಂಡಾಗ ಮೊದಲು ನೋಡುವುದು ಅದರ ಕ್ರಮಸಂಖ್ಯೆಯನ್ನು.

ಸೋವಿಯತ್ ರಷ್ಯದ ಎಕೆ-47 ಎಂದರೆ ಎಂಥ ಒರಟು ಕೈಯಲ್ಲೂ ನಡೆಯುವ ಬಂದೂಕು ಎಂಬುದು ಲೋಕರೂಢಿ. ಅದರ ಮೊದಲ ವರ್ಷಗಳ ಕಥೆ ಬೇರೆ. ತಗಡನ್ನು ಒತ್ತಿ ತಯಾರಿಸಿದ ಮೊದಲ ರಿಸೀವರುಗಳಲ್ಲಿ ತಿರಸ್ಕೃತವಾದವುಗಳ ಪ್ರಮಾಣ ಎಷ್ಟಿತ್ತೆಂದರೆ 1951ರ ಹೊತ್ತಿಗೆ ಇಡೀ ಉಕ್ಕಿನ ಗಟ್ಟಿಯನ್ನು ಕೊರೆದು ತೆಗೆಯುವ ದುಬಾರಿ ವಿಧಾನಕ್ಕೆ ಹೋಗಬೇಕಾಯಿತು. ತಗಡಿನ ವಿಧಾನ ಪಳಗಿ ಎಕೆಎಂ ಆಗಿ ಮರಳಿದ್ದು 1959ರಲ್ಲಿ. ಯುದ್ಧಭೂಮಿಯ ಭರವಸೆಯ ಹಿಂದೆ ಕಾರ್ಖಾನೆಯ ಮೂಲೆಯಲ್ಲಿ ರಾಶಿ ಬಿದ್ದ ತಿರಸ್ಕೃತ ತಗಡುಗಳಿದ್ದವು.

ಸೇನೆ ಕೊಂಡಾಗ

ಸೇನೆ ಬಂದೂಕು ಕೊಳ್ಳುವಾಗ ಹಣ ಕೊಡುವವನು ಒಬ್ಬ, ಪರೀಕ್ಷಿಸಿ ಒಪ್ಪುವವನು ಇನ್ನೊಬ್ಬ, ಹಿಡಿದು ಹೋರಾಡುವವನು ಮತ್ತೊಬ್ಬ. ಈ ಮೂವರ ನಡುವಿನ ಅಂತರದಲ್ಲಿ ದೋಷಗಳು ಬಹಳ ಕಾಲ ಬದುಕಿಕೊಳ್ಳುತ್ತವೆ. ವಿಯೆಟ್ನಾಂ ಯುದ್ಧದ ಎಂ-16 ರೈಫಲ್ ಇದರ ಸ್ಪಷ್ಟ ನಿದರ್ಶನ. ರೈಫಲ್ ವಿನ್ಯಾಸಗೊಂಡದ್ದು ಒಂದು ಬಗೆಯ ಮದ್ದಿಗೆ, ಸೇನೆ ಸರಬರಾಜು ಮಾಡಿದ್ದು ಬಾಲ್ ಪೌಡರ್ ಎಂಬ ಇನ್ನೊಂದು ಬಗೆಯದನ್ನು. ಹೊಸ ಮದ್ದಿನಿಂದ ರೈಫಲ್ ನಿಗದಿಗಿಂತ ವೇಗವಾಗಿ ಓಡಿತು, ಅನಿಲ ಹಾಯುವ ಕೊಳವೆಯಲ್ಲಿ ಕಿಟ್ಟ ಕಟ್ಟಿತು. ಚೇಂಬರಿಗೆ ಕ್ರೋಮ್ ಲೇಪನ ಇರಲಿಲ್ಲ, ಅಲ್ಲಿನ ತೇವಕ್ಕೆ ತುಕ್ಕು ಹಿಡಿಯಿತು. ಸ್ವಚ್ಛಗೊಳಿಸುವ ಸಾಮಗ್ರಿ ಬೇಕಾದಷ್ಟು ಸಿಗಲಿಲ್ಲ. ಇವೆಲ್ಲಕ್ಕಿಂತ ಕಸಿವಿಸಿ ಹುಟ್ಟಿಸುವ ಸಂಗತಿ ಬೇರೊಂದಿದೆ. ಬಾಲ್ ಪೌಡರ್ ತೋಟಾದಲ್ಲಿ ರೈಫಲ್ ವೇಗದ ಮಿತಿಯೊಳಗೆ ನಿಲ್ಲುವುದಿಲ್ಲ ಎಂದು ಅದರ ತಯಾರಕ ಕೋಲ್ಟ್ ಕಂಪನಿ ತಿಳಿಸಿದಾಗ, ಸ್ವೀಕಾರ ಪರೀಕ್ಷೆಯನ್ನು ಹಳೆಯ ಮದ್ದಿನ ತೋಟಾದಲ್ಲೇ ನಡೆಸಲು ಅನುಮತಿ ಸಿಕ್ಕಿತು. ರೈಫಲ್‌ಗಳು ಪರೀಕ್ಷೆಯಲ್ಲಿ ಪಾಸಾದವು, ಕಾಡಿನಲ್ಲಿ ನಿಂತವು. ಸೈನಿಕರು ಮನೆಗೆ ಬರೆದ ಕಾಗದಗಳು ಸಂಸದರಿಗೆ ತಲುಪಿ, 1967ರಲ್ಲಿ ಅಮೆರಿಕದ ಸಂಸತ್ತಿನ ಇಕಾರ್ಡ್ ಉಪಸಮಿತಿ ವಿಚಾರಣೆ ನಡೆಸಿ ಸೇನೆಯ ಆಡಳಿತವನ್ನು ಕಟುವಾಗಿ ಟೀಕಿಸಿತು. ಲೇಪನ ಬಂತು, ಸ್ವಚ್ಛತೆಯ ತರಬೇತಿ ಬಂತು. ಆ ಕಾಗದಗಳನ್ನು ಗ್ರಾಹಕರ ದೂರು ಎಂದು ಆಗ ಯಾರೂ ಕರೆಯಲಿಲ್ಲ, ಮಾಡಿದ ಕೆಲಸ ಮಾತ್ರ ಅದೇ.

ಬ್ರಿಟನ್ ತನ್ನ ಎಸ್ಎ-80 ರೈಫಲನ್ನು 1985ರಲ್ಲಿ ಸೇನೆಗೆ ಕೊಟ್ಟಿತು. ಸಿಕ್ಕಿಕೊಳ್ಳುವ ತೋಟಾ, ತಾನಾಗಿ ಕಳಚಿ ಬೀಳುವ ಮ್ಯಾಗಜೀನ್ ಕುರಿತ ದೂರುಗಳು ವರ್ಷಗಟ್ಟಲೆ ಉಳಿದವು. ಕೊನೆಗೆ ಸುಮಾರು ಎರಡು ಲಕ್ಷ ರೈಫಲ್‌ಗಳನ್ನು ಜರ್ಮನಿಯ ಹೆಕ್ಲರ್ ಅಂಡ್ ಕಾಕ್ ಕಂಪನಿ 2000ದ ನಂತರ ತಿದ್ದಿಕೊಟ್ಟಿತು. ಖರ್ಚು 9.2 ಕೋಟಿ ಪೌಂಡ್.

ಅದೇ ಹೆಕ್ಲರ್ ಅಂಡ್ ಕಾಕ್ ತನ್ನ ದೇಶದಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಜರ್ಮನ್ ಸೇನೆಯ ಜಿ-36 ರೈಫಲ್ ಸತತವಾಗಿ ಹಾರಿಸಿ ಕಾದಾಗ ಗುರಿ ತಪ್ಪುತ್ತದೆ ಎಂಬ ಆರೋಪ ಎದ್ದು, 2015ರಲ್ಲಿ ರಕ್ಷಣಾ ಸಚಿವೆ ಉರ್ಸುಲಾ ಫಾನ್ ಡೆರ್ ಲೇಯೆನ್ ಈ ರೂಪದಲ್ಲಿ ಅದಕ್ಕೆ ಭವಿಷ್ಯವಿಲ್ಲ ಎಂದರು. ಸರ್ಕಾರ ಪರಿಹಾರ ಕೇಳಿತು. ಕೋಬ್ಲೆಂಜ್ ನಗರದ ನ್ಯಾಯಾಲಯ 2016ರಲ್ಲಿ ಕಂಪನಿಯ ಪರ ತೀರ್ಪು ಕೊಟ್ಟಿತು. ಕೊಂಡಾಗ ಒಪ್ಪಂದದಲ್ಲಿ ಏನು ಕೇಳಿದ್ದರೋ ಅದನ್ನು ರೈಫಲ್ ಪೂರೈಸುತ್ತದೆ ಎಂಬುದು ತೀರ್ಪಿನ ಸಾರ. ಹಿಂದೆ ಕೇಳದ ಗುಣವನ್ನು ಜರ್ಮನ್ ಸೈನಿಕರ ಅಫ್ಘಾನಿಸ್ತಾನದ ಅನುಭವದ ನಂತರ ದೋಷವೆಂದು ಎಣಿಸಲಾಗದು. ತೀರ್ಪಿನ ಬಗ್ಗೆ ಸೈನಿಕನ ಅಭಿಪ್ರಾಯ ಏನೇ ಇರಲಿ, ಖರೀದಿ ಕಚೇರಿಗಳಿಗೆ ಇದಕ್ಕಿಂತ ಬಿರುಸಾದ ಪಾಠ ಸಿಕ್ಕಿರಲಾರದು.

ಭಾರತದ ಇನ್ಸಾಸ್ ಈ ಸಾಲಿನದೇ. ಪುಣೆಯ ಎ.ಆರ್.ಡಿ.ಇ. ಎಂಬ ಸರ್ಕಾರಿ ಸಂಸ್ಥೆ ವಿನ್ಯಾಸಗೊಳಿಸಿ ಇಶಾಪುರ, ತಿರುಚಿನಾಪಳ್ಳಿ, ಕಾನ್ಪುರದ ಸರ್ಕಾರಿ ಕಾರ್ಖಾನೆಗಳಲ್ಲಿ ತಯಾರಾದ ಈ ರೈಫಲ್ 1999ರ ಕಾರ್ಗಿಲ್ ಯುದ್ಧದಲ್ಲಿ ಚಳಿಗೆ ಒಡೆಯುವ ಪ್ಲಾಸ್ಟಿಕ್ ಮ್ಯಾಗಜೀನ್, ಸಿಕ್ಕಿಕೊಳ್ಳುವ ತೋಟಾ, ಕಣ್ಣಿಗೆ ಸಿಡಿಯುವ ಎಣ್ಣೆಯ ದೂರುಗಳನ್ನು ಹೊತ್ತುಕೊಂಡಿತು. 2005ರಲ್ಲಿ ಕಾಲಿಕೋಟ್ ಜಿಲ್ಲೆಯ ಮಾವೋವಾದಿ ದಾಳಿಯ ನಂತರ ನೇಪಾಳದ ಸೇನೆ ಭಾರತದಿಂದ ಪಡೆದಿದ್ದ ಈ ರೈಫಲನ್ನು ದೂರಿದಾಗ, ಬಳಸಿದ ಮತ್ತು ಕಾಪಾಡಿದ ರೀತಿ ಸರಿಯಿರಲಿಲ್ಲ ಎಂಬ ಉತ್ತರ ಭಾರತದ ಕಡೆಯಿಂದ ಹೋಯಿತು. ಜಗತ್ತಿನ ಯಾವ ತಯಾರಕನ ದೂರು ವಿಭಾಗಕ್ಕೆ ಬರೆದರೂ ಮೊದಲು ಬರುವ ಉತ್ತರ ಇದೇ. ಅದು ಕೆಲವೊಮ್ಮೆ ನಿಜವೂ ಹೌದು. ನಿಜ ಯಾವುದೆಂದು ಹೇಳಬಲ್ಲ ಮೂರನೆಯವನು ಇಲ್ಲಿದ್ದನೇ ಎಂಬುದು ಬೇರೆ ಮಾತು: ತಯಾರಿಸಿದ್ದು ಸರ್ಕಾರ, ಗುಣಮಟ್ಟ ಭರವಸೆ ಮಹಾನಿರ್ದೇಶನಾಲಯದ ಹೆಸರಲ್ಲಿ ಪರೀಕ್ಷಿಸಿದ್ದು ಸರ್ಕಾರ, ಕೊಂಡದ್ದೂ ಸರ್ಕಾರ. 2021ರ ಅಕ್ಟೋಬರ್ 1ರಂದು ಸರ್ಕಾರಿ ಆಯುಧ ಕಾರ್ಖಾನೆಗಳನ್ನು ಏಳು ಕಂಪನಿಗಳಾಗಿ ವಿಂಗಡಿಸಿದಾಗ ಬಂದೂಕಿನ ಕಾರ್ಖಾನೆಗಳು ಕಾನ್ಪುರದ ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಇಕ್ವಿಪ್‌ಮೆಂಟ್ ಇಂಡಿಯಾ ಕಂಪನಿಗೆ ಸೇರಿದವು. ಈ ಕಾರ್ಖಾನೆಗಳ ಹೊರಗೆ ಸೇನೆ ಅಮೆರಿಕದ ಸಿಗ್-716 ರೈಫಲ್‌ಗಳನ್ನು ಕೊಂಡಿತು, ಅಮೇಠಿಯ ಕೊರ್ವಾದಲ್ಲಿ ರಷ್ಯದ ಸಹಯೋಗದಲ್ಲಿ ಎಕೆ-203 ತಯಾರಿಕೆ ಶುರುವಾಯಿತು. ಬೇರೆಡೆಯಿಂದ ಕೊಳ್ಳಲು ಸಾಧ್ಯವಾದದ್ದೇ ಭಾರತೀಯ ಸೈನಿಕನಿಗೆ ಸಿಕ್ಕ ಗ್ರಾಹಕ ಹಕ್ಕು.

ಅಮೆರಿಕದ ನಾಗರಿಕ ಮಾರುಕಟ್ಟೆ

ಗ್ರಾಹಕ ಸೇವೆಯ ನಿಜವಾದ ರಂಗ ಅಮೆರಿಕ. ಅಲ್ಲಿ ಕೋಟ್ಯಂತರ ಬಂದೂಕುಗಳು ಸಾಮಾನ್ಯರ ಮನೆಗಳಲ್ಲಿವೆ. ಟೋಸ್ಟರಿನಿಂದ ತೊಟ್ಟಿಲಿನವರೆಗೆ ದೋಷಯುಕ್ತ ಸರಕನ್ನು ಹಿಂಪಡೆಯುವಂತೆ ಆದೇಶಿಸಬಲ್ಲ ಗ್ರಾಹಕ ಸರಕು ಸುರಕ್ಷಾ ಆಯೋಗ 1972ರ ಕಾಯಿದೆಯಿಂದ ಹುಟ್ಟಿತು. ಆ ಕಾಯಿದೆಯೇ ಬಂದೂಕು ಮತ್ತು ತೋಟಾಗಳನ್ನು ಅದರ ವ್ಯಾಪ್ತಿಯಿಂದ ಹೊರಗಿಟ್ಟಿತು, ಅದೂ ನೇರವಾಗಿ ಹೆಸರಿಸದೆ, ತೆರಿಗೆ ಕಾನೂನಿನ ಒಂದು ಕಲಮನ್ನು ಉಲ್ಲೇಖಿಸಿ. ಪರಿಣಾಮ ವಿಚಿತ್ರವಾಗಿದೆ. ಗಾಳಿಕೋವಿ ಆಯೋಗದ ಅಧಿಕಾರಕ್ಕೆ ಒಳಪಡುತ್ತದೆ, ಡೈಸಿ ಕಂಪನಿಯ ಗಾಳಿಕೋವಿಗಳ ಮೇಲೆ ಆಯೋಗ 2001ರಲ್ಲಿ ದಾವೆ ಹೂಡಿತ್ತು. ರೈಫಲ್ಲಿನ ವಿಷಯದಲ್ಲಿ ಅದು ಬಾಯಿ ತೆರೆಯುವಂತಿಲ್ಲ. ಆದುದರಿಂದ ಬಂದೂಕನ್ನು ಹಿಂಪಡೆಯುವುದು ಪೂರ್ತಿ ತಯಾರಕರ ಇಚ್ಛೆ, ಅವರ ಮೇಲಿನ ಒತ್ತಡವೆಂದರೆ ಪೇಟೆಯ ಮಾತು ಮತ್ತು ಪರಿಹಾರದ ದಾವೆ. ಬಂದೂಕಿನ ದುರ್ಬಳಕೆಗೆ ತಯಾರಕರನ್ನು ಹೊಣೆ ಮಾಡದಂತೆ 2005ರಲ್ಲಿ ಬಂದ ಕಾಯಿದೆಯೂ ದೋಷಯುಕ್ತ ತಯಾರಿಕೆಯ ದಾವೆಗಳನ್ನು ಮುಚ್ಚಲಿಲ್ಲ.

ಕೆಲವು ರಾಜ್ಯಗಳು ತಮ್ಮ ಮಟ್ಟಿಗೆ ಈ ಜಾಗ ತುಂಬಲು ನೋಡಿವೆ. ಕ್ಯಾಲಿಫೋರ್ನಿಯದಲ್ಲಿ ಹೊಸ ಮಾದರಿಯ ಪಿಸ್ತೂಲು ಮಾರಬೇಕಾದರೆ ಪ್ರಯೋಗಾಲಯದಲ್ಲಿ ಮೂರು ಪಿಸ್ತೂಲುಗಳು ತಲಾ 600 ಗುಂಡು ಹಾರಿಸಿ ತೋರಿಸಬೇಕು, ಕಾಂಕ್ರೀಟಿನ ಮೇಲೆ ಬೀಳಿಸಿದಾಗ ಹಾರಬಾರದು.

ರೆಮಿಂಗ್ಟನ್ ಕಂಪನಿಯ ಮಾಡೆಲ್ 700 ರೈಫಲ್ 1962ರಲ್ಲಿ ಮಾರುಕಟ್ಟೆಗೆ ಬಂತು. ಅದರ ಟ್ರಿಗರ್ ವಿನ್ಯಾಸ ಕಂಪನಿಯದೇ ಎಂಜಿನಿಯರ್ ಮೈಕ್ ವಾಕರ್ ಅವರದು. ಟ್ರಿಗರಿಗೂ ಅದು ಹಿಡಿದಿಡುವ ಸಿಯರ್ ಎಂಬ ಕೊಂಡಿಗೂ ನಡುವೆ ಕನೆಕ್ಟರ್ ಎಂಬ ಪುಟ್ಟ ಬಿಡಿ ತುಂಡು ಇರುತ್ತದೆ. ಅದರಿಂದ ಟ್ರಿಗರ್ ಹಗುರ, ನುಣುಪು, ಬೇಟೆಗಾರರ ಮೆಚ್ಚುಗೆಯೂ ಅದಕ್ಕೇ. ಆ ಸಂದಿನಲ್ಲಿ ಧೂಳೋ ಗಟ್ಟಿಯಾದ ಎಣ್ಣೆಯೋ ಕೂತರೆ ಸೇಫ್ಟಿ ತೆಗೆದ ಮಾತ್ರಕ್ಕೆ ಗುಂಡು ಹಾರಬಹುದು ಎಂಬುದು ಆರೋಪ. 1982ರವರೆಗಿನ ರೈಫಲ್‌ಗಳಲ್ಲಿ ಸೇಫ್ಟಿ ತೆಗೆಯದೆ ತೋಟಾ ಹೊರತೆಗೆಯಲೂ ಆಗುತ್ತಿರಲಿಲ್ಲ. ಅಂದರೆ ಬೇಟೆ ಮುಗಿಸಿ ಬಂದೂಕು ಖಾಲಿ ಮಾಡುವ ಹೊತ್ತೇ ಅಪಾಯದ ಹೊತ್ತು. ವಾಕರ್ 1940ರ ದಶಕದಲ್ಲೇ ಇಂಥ ಸಾಧ್ಯತೆಯ ಬಗ್ಗೆ ಎಚ್ಚರಿಸಿ ಬದಲಿ ವಿನ್ಯಾಸ ಸೂಚಿಸಿದ್ದರು, ಅದಕ್ಕೆ ತಗಲುತ್ತಿದ್ದ ಹೆಚ್ಚುವರಿ ಖರ್ಚು ಒಂದು ರೈಫಲ್ಲಿಗೆ ಐದೂವರೆ ಸೆಂಟ್ ಎಂದು ಸಿಎನ್‌ಬಿಸಿ ವಾಹಿನಿ 2010ರಲ್ಲಿ ಕಂಪನಿಯ ದಾಖಲೆಗಳಿಂದ ತೋರಿಸಿತು. ಬಂದೂಕಿನಲ್ಲಿ ದೋಷವಿಲ್ಲ, ಅವಘಡಗಳಿಗೆ ಬಳಸಿದವರ ಅಜಾಗರೂಕತೆ ಕಾರಣ ಎಂಬುದು ಕಂಪನಿಯ ನಿಲುವು. ಅದನ್ನು ಬಿಡದೆಯೇ ಅದು ಸುಮಾರು 75 ಲಕ್ಷ ಬಂದೂಕುಗಳ ಟ್ರಿಗರ್ ಬದಲಿಸಿಕೊಡಲು ರಾಜಿಗೆ ಒಪ್ಪಿತು, ನ್ಯಾಯಾಲಯ 2017ರಲ್ಲಿ ಅದನ್ನು ಅಂಗೀಕರಿಸಿತು. ಆ ಹೊತ್ತಿಗೆ ಬದಲಾವಣೆ ಕೇಳಿ ಮುಂದೆ ಬಂದವರು ನೂರಕ್ಕೊಬ್ಬರೂ ಇರಲಿಲ್ಲ. ಅಜ್ಜನಿಂದ ಬಂದ ರೈಫಲನ್ನು ಪೆಟ್ಟಿಗೆ ಕಟ್ಟಿ ಕಳಿಸಿ ವಾರಗಟ್ಟಲೆ ಕಾಯುವ ಮನಸ್ಸು ಯಾರಿಗೆ?

ಹಳೆಯದರ ಬದಲಿಗೆ 2006ರಿಂದ ಬಂದ ಎಕ್ಸ್-ಮಾರ್ಕ್ ಪ್ರೊ ಟ್ರಿಗರನ್ನೂ ಕಂಪನಿ 2014ರಲ್ಲಿ ಹಿಂಪಡೆಯಬೇಕಾಯಿತು. ಈ ಬಾರಿ ವಿನ್ಯಾಸದ ಜಗಳವಿಲ್ಲ: ಜೋಡಿಸುವಾಗ ಸ್ಕ್ರೂಗೆ ಹಚ್ಚುವ ಅಂಟು ಹೆಚ್ಚಾಗಿತ್ತು. ಎಂಜಿನಿಯರನ ಮೇಜಿನಲ್ಲಿ ತಿದ್ದಿದ್ದು ಜೋಡಣೆಯ ಬೆಂಚಿನ ಮೇಲೆ ಕೆಟ್ಟಿತು.

ಸಿಗ್ ಸೌಯರ್ ಕಂಪನಿಯ ಪಿ-320 ಪಿಸ್ತೂಲನ್ನು ಅಮೆರಿಕದ ಸೇನೆ 2017ರ ಜನವರಿಯಲ್ಲಿ ಆರಿಸಿಕೊಂಡಿತು. ಅದೇ ವರ್ಷ ಆಗಸ್ಟಿನಲ್ಲಿ, ಹಿಂಬದಿ ಕೆಳಗಾಗಿ ಒಂದು ನಿರ್ದಿಷ್ಟ ಕೋನದಲ್ಲಿ ಬಿದ್ದರೆ ಅದು ಹಾರುತ್ತದೆ ಎಂದು ಖಾಸಗಿ ಪರೀಕ್ಷಕರು ವಿಡಿಯೊ ಮಾಡಿ ತೋರಿಸಿದರು. ಡಲ್ಲಾಸ್ ಪೊಲೀಸರು ಬಳಕೆ ನಿಲ್ಲಿಸಿದರು. ಪಿಸ್ತೂಲು ಎಲ್ಲ ಮಾನದಂಡಗಳಲ್ಲೂ ಪಾಸಾಗಿದೆ ಎಂದು ಕಂಪನಿ ಹೇಳಿದ್ದು ಸುಳ್ಳಲ್ಲ. ಮಾನದಂಡದ ಪಟ್ಟಿಯಲ್ಲಿದ್ದ ಕೋನಗಳಲ್ಲಿ ಆ ಒಂದು ಕೋನ ಇರಲಿಲ್ಲ, ಅಷ್ಟೆ. ಟ್ರಿಗರಿನ ತೂಕವೇ ಬಿದ್ದ ರಭಸಕ್ಕೆ ಹಿಂದೆ ಸರಿದು ಕೆಲಸ ಮುಗಿಸುತ್ತಿತ್ತು. ಕಂಪನಿ ಹಗುರವಾದ ಟ್ರಿಗರ್ ಮತ್ತು ಒಳಭಾಗಗಳನ್ನು ಉಚಿತವಾಗಿ ಹಾಕಿಕೊಡುವ ಯೋಜನೆ ಪ್ರಕಟಿಸಿತು, ‘ಸ್ವಯಂಪ್ರೇರಿತ ಅಪ್‌ಗ್ರೇಡ್’ ಎಂಬ ಹೆಸರಿನಲ್ಲಿ. ಹಿಂಪಡೆಯುವಿಕೆ ಎಂದಿದ್ದರೆ ಇನ್ನಷ್ಟು ಜನ ಕಳಿಸುತ್ತಿದ್ದರು ಎಂದು ಟೀಕಾಕಾರರ ಎಣಿಕೆ. ಆಮೇಲೆ ಟ್ರಿಗರ್ ಮುಟ್ಟದೆಯೇ ಹಾರಿತೆಂಬ ಬೇರೆ ಬಗೆಯ ದಾವೆಗಳು ಬಂದವು. ಕಂಪನಿ ಅದನ್ನು ಖಡಾಖಂಡಿತವಾಗಿ ನಿರಾಕರಿಸುತ್ತದೆ. 2024ರಲ್ಲಿ ಜಾರ್ಜಿಯ ಮತ್ತು ಪೆನ್ಸಿಲ್ವೇನಿಯದ ಜ್ಯೂರಿಗಳು ದಾವೆದಾರರ ಪರ ಲಕ್ಷಾಂತರ ಡಾಲರ್ ಪರಿಹಾರ ನೀಡಿದವು.

ಬ್ರೆಜಿಲಿನ ಟಾರಸ್ ಕಂಪನಿ 2015ರಲ್ಲಿ ಸುಮಾರು ಹತ್ತು ಲಕ್ಷ ಪಿಸ್ತೂಲುಗಳ ವಿಚಾರದಲ್ಲಿ ಅಮೆರಿಕದಲ್ಲಿ ರಾಜಿ ಮಾಡಿಕೊಂಡಿತು. ಪಿಸ್ತೂಲು ಹಿಂದಿರುಗಿಸಿದರೆ 200 ಡಾಲರ್‌ವರೆಗೆ ಹಣ ಕೊಡುವ ಅವಕಾಶವೂ ಅದರಲ್ಲಿತ್ತು.

ಇದಕ್ಕೆ ಎದುರಾಗಿ ಸೇವೆಗೆ ಹೆಸರಾದ ಉದಾಹರಣೆ ರುಗರ್. ಈ ಕಂಪನಿ ಬಂದೂಕಿನ ಜತೆ ಲಿಖಿತ ವಾರಂಟಿಯನ್ನೇ ಕೊಡುವುದಿಲ್ಲ. 1975ರ ಮ್ಯಾಗ್ನಸನ್-ಮಾಸ್ ವಾರಂಟಿ ಕಾಯಿದೆ ಲಿಖಿತ ವಾರಂಟಿ ಕೊಡಲೇಬೇಕೆಂದು ಹೇಳುವುದಿಲ್ಲ, ಕೊಟ್ಟವರಿಗೆ ಮಾತ್ರ ನಿಯಮಗಳನ್ನು ಹೇರುತ್ತದೆ ಎಂದು ಕೈಪಿಡಿಯಲ್ಲೇ ಬರೆದುಕೊಂಡಿದೆ. ಆದರೂ ದುರಸ್ತಿಗೆ ಕಳಿಸಿದವರು ಕಂಪನಿಯನ್ನು ಹೊಗಳುವುದೇ ಹೆಚ್ಚು. ಅದರ 1973ಕ್ಕಿಂತ ಹಿಂದಿನ ಸಿಂಗಲ್-ಆ್ಯಕ್ಷನ್ ರಿವಾಲ್ವರುಗಳಲ್ಲಿ ಸುತ್ತಿಗೆಯ ಕೆಳಗಿನ ಚೇಂಬರಿನಲ್ಲಿ ತೋಟಾ ಇದ್ದು ಬಂದೂಕು ಕೆಳಗೆ ಬಿದ್ದರೆ ಹಾರುವ ಅಪಾಯವಿತ್ತು. ಆರು ಚೇಂಬರಿದ್ದರೂ ಐದೇ ತುಂಬುವುದು ಹಳಬರ ರೂಢಿ. ಹೊಸ ಸುರಕ್ಷಾ ಭಾಗಗಳನ್ನು ಕಂಪನಿ ಉಚಿತವಾಗಿ ಅಳವಡಿಸಿಕೊಡುತ್ತದೆ, ಬಿಚ್ಚಿದ ಹಳೆಯ ಭಾಗಗಳನ್ನೂ ಪೊಟ್ಟಣ ಕಟ್ಟಿ ಜತೆಗೇ ಹಿಂದಿರುಗಿಸುತ್ತದೆ. ಸಂಗ್ರಾಹಕರಿಗೆ ಮೂಲ ಭಾಗಗಳಿದ್ದರೇ ಬೆಲೆ ಎಂಬುದು ಅದಕ್ಕೆ ಗೊತ್ತು.

ದುರಸ್ತಿಗೆ ಬಂದೂಕು ಕಳಿಸುವುದು ಮಿಕ್ಕ ಸರಕು ಕಳಿಸಿದಂತಲ್ಲ. ಅಮೆರಿಕದಲ್ಲಿ ಸಾಮಾನ್ಯರು ಪಿಸ್ತೂಲನ್ನು ಸರ್ಕಾರಿ ಅಂಚೆಯಲ್ಲಿ ಕಳಿಸುವುದನ್ನು 1927ರ ಕಾನೂನು ನಿಷೇಧಿಸಿತು, ಅದಕ್ಕೇ ಕಂಪನಿಗಳು ಖಾಸಗಿ ಕೊರಿಯರಿನ ಚೀಟಿ ಕಳಿಸಿಕೊಡುವ ರೂಢಿ ಬೆಳೆಯಿತು. ದುರಸ್ತಿಯಾದ ಬಂದೂಕು ಅಥವಾ ಅದೇ ಬಗೆಯ ಬದಲಿ ಬಂದೂಕು ಅಂಗಡಿಯ ಮೂಲಕ ಹೋಗದೆ ನೇರ ಮಾಲೀಕನಿಗೆ ಬರಲು ಕಾನೂನಿನಲ್ಲಿ ಅವಕಾಶವಿದೆ. 1968ರ ಕಾಯಿದೆಯಿಂದ ಪ್ರತಿ ಬಂದೂಕಿಗೂ ಕ್ರಮಸಂಖ್ಯೆ ಕಡ್ಡಾಯ, ಹಾಗಾಗಿ ಯಾವ ವಾರದ ಸರಕು ಕೆಟ್ಟಿದೆ ಎಂದು ಕಂಪನಿ ಕರಾರುವಾಕ್ಕಾಗಿ ಹೇಳಬಲ್ಲದು. ಅದು ಈಗ ಯಾರ ಮನೆಯಲ್ಲಿದೆ ಎಂಬುದು ಮಾತ್ರ ತಿಳಿಯದು. ಮಾಲೀಕರ ಕೇಂದ್ರ ನೋಂದಣಿ ಇಲ್ಲ, ಕೈಯಿಂದ ಕೈಗೆ ಮಾರಿದ್ದರ ಲೆಕ್ಕ ಕಂಪನಿಗೆ ಬರುವುದಿಲ್ಲ.

ಭಾರತ ಮತ್ತು ಕರ್ನಾಟಕ

ಭಾರತದಲ್ಲಿ ನಾಗರಿಕರ ಬಂದೂಕಿಗೆ 1959ರ ಶಸ್ತ್ರಾಸ್ತ್ರ ಕಾಯಿದೆ ಅನ್ವಯ. ತಯಾರಿಕೆ, ಮಾರಾಟಕ್ಕೆ ಮಾತ್ರವಲ್ಲ, ದುರಸ್ತಿಗೂ ಪ್ರೂಫ್ ಪರೀಕ್ಷೆಗೂ ಅದರ ಐದನೆಯ ಕಲಮಿನಂತೆ ಪರವಾನಗಿ ಬೇಕು. ಊರಿನ ಕಮ್ಮಾರ ಎಷ್ಟೇ ಕೈಚಳಕದವನಾದರೂ ಕೋವಿಯ ಸ್ಪ್ರಿಂಗ್ ಬದಲಿಸಿದರೆ ಅಪರಾಧ. ವಿದೇಶಿ ಬಂದೂಕುಗಳ ಆಮದು 1980ರ ದಶಕದಿಂದ ಕ್ರೀಡಾಪಟುಗಳಂಥ ಕೆಲವರನ್ನು ಬಿಟ್ಟು ಉಳಿದವರಿಗೆ ನಿಂತಿದೆ. ಹೀಗಾಗಿ ಇಲ್ಲಿನ ಗ್ರಾಹಕನಿಗಿದ್ದ ಆಯ್ಕೆ ಎರಡು: ಸರ್ಕಾರಿ ಕಾರ್ಖಾನೆಯದೋ ಬಿಹಾರದ ಮುಂಗೇರ್‌ನಂಥ ಕಡೆ ತಯಾರಾದದ್ದೋ ಆದ ಹೊಸದು, ಇಲ್ಲವೇ ಬ್ರಿಟಿಷರ ಕಾಲದ್ದರಂಥ ಹಳೆಯದು. 2014ರಲ್ಲಿ ಕಾನ್ಪುರದಿಂದ ಬಂದ ‘ನಿರ್ಭೀಕ್’ ರಿವಾಲ್ವರಿಗೆ ಬೆಲೆ ಲಕ್ಷ ದಾಟಿತ್ತು. ಪೈಪೋಟಿಯಿಲ್ಲದ ಕಡೆ ಬೆಲೆಯನ್ನೂ ಸೇವೆಯನ್ನೂ ಗೊತ್ತುಮಾಡುವವನು ಮಾರುವವನೇ.

ಕರ್ನಾಟಕದಲ್ಲಿ ಬಂದೂಕು ಬದುಕಿನ ಭಾಗವಾಗಿರುವುದು ಕೊಡಗು ಮತ್ತು ಮಲೆನಾಡಿನಲ್ಲಿ. ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಪರವಾನಗಿಯ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು ಹತ್ತು ವರ್ಷ ವಿಸ್ತರಿಸಿತು, ರಾಜ್ಯದ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು. ಕೊಡವರ ಕೈಲ್‌ಪೊಳ್ದ್ ಹಬ್ಬದಲ್ಲಿ ಪೂಜೆಗೊಳ್ಳುವ ಕೋವಿಗಳಲ್ಲಿ ತಲೆಮಾರುಗಳ ಹಿಂದಿನವೂ ಇವೆ. ಮಲೆನಾಡಿನ ರೈತರ ಬಳಿ ಇರುವುದು ಬೆಳೆ ರಕ್ಷಣೆಯ ಪರವಾನಗಿಯ ಕೋವಿ: ತೋಟಾ ಕೋವಿ, ಬಡವರಾದರೆ ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ. ಚುನಾವಣೆ ಬಂತೆಂದರೆ ಅವುಗಳನ್ನು ಠಾಣೆಗೆ ಒಪ್ಪಿಸಬೇಕು. ಮಳೆಸೀಮೆಯ ಠಾಣೆಯ ಮೂಲೆಯಲ್ಲಿ ತಿಂಗಳುಗಟ್ಟಲೆ ಎಣ್ಣೆ ಕಾಣದೆ ನಿಂತ ನಳಿಗೆ ಒಳಗಿಂದ ತುಕ್ಕು ಹಿಡಿದು ಬಂದರೆ ಅದನ್ನು ಯಾವ ತಯಾರಕನಿಗೆ ದೂರುವುದು? ತಯಾರಿಸಿದ ಕಂಪನಿ ಎಷ್ಟೋ ವೇಳೆ ಮುಚ್ಚಿಹೋಗಿ ದಶಕಗಳಾಗಿರುತ್ತವೆ. ಇಂಥ ಕೋವಿಗಳಿಗೆ ಇರುವ ಗ್ರಾಹಕ ಸೇವೆ ಎಂದರೆ ಪಟ್ಟಣದ ಪರವಾನಗಿ ಪಡೆದ ಬಂದೂಕಿನ ಅಂಗಡಿಯ ಒಬ್ಬ ಕಸುಬುದಾರ, ಬಿಡಿಭಾಗ ಎಂದರೆ ಅವನೇ ಅರ ಹಾಕಿ ಮಾಡಿದ್ದು.

2019ರ ಗ್ರಾಹಕ ಸಂರಕ್ಷಣಾ ಕಾಯಿದೆ ದೋಷಯುಕ್ತ ಸರಕಿಗೆ ತಯಾರಕನನ್ನು ಹೊಣೆ ಮಾಡುವ ಅಧ್ಯಾಯವನ್ನು ಹೊಂದಿದೆ. ಅಮೆರಿಕದ ಕಾನೂನಿನಂತೆ ಅದು ಬಂದೂಕನ್ನು ಹೊರಗಿಟ್ಟಿಲ್ಲ. ಪರವಾನಗಿಗಳ ರಾಷ್ಟ್ರೀಯ ದತ್ತಾಂಶದಲ್ಲಿ ಪರವಾನಗಿದಾರನ ಹೆಸರು, ವಿಳಾಸದ ಜತೆ ಅವನ ಬಂದೂಕಿನ ವಿವರವೂ ದಾಖಲಾಗುತ್ತದೆ. ಅಮೆರಿಕದ ಕಂಪನಿಗಳು ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು ಹುಡುಕುವ ಮಾಲೀಕನನ್ನು ಇಲ್ಲಿ ಜಿಲ್ಲಾಧಿಕಾರಿಯ ಕಚೇರಿಯೂ ಠಾಣೆಯೂ ಹೆಸರು ಹಿಡಿದು ಕರೆಯಬಲ್ಲವು. ಚುನಾವಣೆಗೆ ಕರೆಯುವುದನ್ನು ರೂಢಿಸಿಕೊಂಡಿರುವ ಆ ವ್ಯವಸ್ಥೆಗೆ ಕೆಟ್ಟ ಟ್ರಿಗರಿನ ಸೂಚನೆ ಕಳಿಸುವುದು ಕಷ್ಟವಾಗಲಾರದು.

ದೊಡ್ಡ ಖಾಸಗಿ ತಯಾರಕರಿಗೆ ಬಾಗಿಲು ತೆರೆದ ಮೇಲೆ ಚಿತ್ರ ಬದಲಾಗುತ್ತಿದೆ. ಟಾರಸ್ ಹರಿಯಾಣದ ಹಿಸಾರ್‌ನಲ್ಲಿ ಜಿಂದಾಲ್ ಸಮೂಹದೊಂದಿಗೆ ಕೈಜೋಡಿಸಿದೆ, ವೆಬ್ಲಿ ಅಂಡ್ ಸ್ಕಾಟ್ ಹೆಸರು ಉತ್ತರಪ್ರದೇಶದ ಹರ್ದೋಯಿ ಜಿಲ್ಲೆಗೆ ಬಂದಿದೆ. ಬೆಂಗಳೂರಿನ ಎಸ್.ಎಸ್.ಎಸ್. ಡಿಫೆನ್ಸ್ ಹುಟ್ಟಿದ್ದು ಸ್ಟಂಪ್ ಶೂಲೆ ಅಂಡ್ ಸೋಮಪ್ಪ ಎಂಬ ಸ್ಪ್ರಿಂಗ್ ತಯಾರಕರ ಮನೆತನದಲ್ಲಿ. ಬಂದೂಕಿನಲ್ಲಿ ಮೊದಲು ಸೋಲುವ ಭಾಗಗಳಲ್ಲೊಂದು ಸ್ಪ್ರಿಂಗ್ ಆದ್ದರಿಂದ ಆ ಹಿನ್ನೆಲೆ ಸಣ್ಣದಲ್ಲ. ಸ್ನೈಪರ್ ರೈಫಲ್‌ಗಳನ್ನೂ ಪಿ-72 ಸರಣಿಯ ರೈಫಲ್‌ಗಳನ್ನೂ ತಯಾರಿಸುವ ಈ ಕಂಪನಿಯ ‘ಸೇಬರ್’ ಸ್ನೈಪರ್ ರೈಫಲ್ 2024ರಲ್ಲಿ ವಿದೇಶಿ ಖರೀದಿದಾರರನ್ನು ಗಳಿಸಿದ ಸುದ್ದಿ ಬಂತು.